ಗ್ರಹಣದ ದಿನ ಹೆಚ್ಚಿದ ಹೀರೇಕಾಯಿ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಕಾರು ಬಾತಿ ದಾಟಿದರೂ ಕರಿಬಸವರಾಜ ಹೆಗಲ ಮೇಲಿನ ಶಾಲು ತೆಗೆದಿರಲಿಲ್ಲ. ಸುಡುಬಿಸಿಲು, ಕಾರಿನ ಎ.ಸಿ. ಕೆಟ್ಟು ಎಷ್ಟೋ ಕಾಲವಾಗಿತ್ತು, ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರಿನೊಳಗೆ ಹೋಗುತ್ತಿತ್ತು. ಆದರೂ ಶಾಲು ಅಂದರೆ ಶಾಲು. ಕಾಲೇಜಿನವರು ಸನ್ಮಾನ ಮಾಡಿ ತೊಡಿಸಿದ ಮೈಸೂರು ಪೇಟವನ್ನು, ಎದುರಿಗೆ ಬರುವ ಮೆಕ್ಕೆಜೋಳದ ಲಾರಿಯವರಿಗೂ ಕಾಣಲಿ ಎಂಬಂತೆ, ಮುಂದಿನ ಗಾಜಿಗೆ ಒತ್ತಿ ಇಟ್ಟಿದ್ದ. ಹಿಂದಿನ ಸೀಟಿನಲ್ಲಿ ಮಗಳು ರಶ್ಮಿತಾಳ ಪಕ್ಕ ಕೂತಿದ್ದ ಮರುಳಸಿದ್ದಮ್ಮ ಗಂಡನ ಹೆಗಲ ಮೇಲಿನ ಜರಿ ಅಂಚನ್ನೇ ನೋಡುತ್ತಿದ್ದಳು. ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಬೆಳಗ್ಗೆ ಸಭೆಯಲ್ಲಿ ‘ಇಂಥ ವಿಜ್ಞಾನಿ ಮಗಳನ್ನು ನಾಡಿಗೆ ಕೊಟ್ಟವರು ವೇದಿಕೆಗೆ ಬರಬೇಕು’ ಎಂದು ಮೈಕಿನಲ್ಲಿ ಕೂಗಿದಾಗ ಅವಳೂ ಎದ್ದಿದ್ದಳು. ಸೆರಗು ಹೊದ್ದು, ಕುರ್ಚಿಯ ಕೆಳಗೆ ಸರಿದುಹೋಗಿದ್ದ ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ ಮೆಟ್ಟಿಕೊಂಡು, ಇನ್ನೇನು ಹೆಜ್ಜೆ ಇಡಬೇಕು, ಅಷ್ಟರಲ್ಲಿ ಮೈಕು ‘ತಂದೆಯವರಾದ ಶ್ರೀ ಕರಿಬಸವರಾಜ’ ಎಂದು ಮಾತು ಮುಗಿಸಿಬಿಟ್ಟಿತು. ಅವಳು ನಿರಿಗೆ ಸರಿಮಾಡಿಕೊಳ್ಳಲೆಂದೇ ಎದ್ದವಳಂತೆ ಸೀರೆ ಕೊಡವಿ ಮತ್ತೆ ಕೂತಳು. ಪಕ್ಕದ ಹೆಂಗಸು ನೋಡಿದಳು. ನೋಡಿದರೆ ನೋಡಲಿ, ಅವಳಪ್ಪನ ಗಂಟೇನು ಹೋಯಿತು!

ಶಾಲು ಹೋದರೆ ಹೋಯಿತು. ತಾನು ಕಂಡದ್ದನ್ನು ಆ ಸಭೆಯಲ್ಲಿ ಮತ್ಯಾರೂ ಕಂಡಿರಲಿಲ್ಲ, ಅದು ಅವಳ ಜಂಬ. ದೀಪ ಆರಿಸಿ ರಶ್ಮಿತಾ ಪರದೆಯ ಮೇಲೆ ಒಂದು ಚಿತ್ರ ಬಿಟ್ಟಿದ್ದಳು. ಗಾಜಿನ ತಟ್ಟೆಯೊಳಗೆ ಹಾಲಿನ ಕೆನೆಯಂಥ ತೆಳ್ಳನೆ ಪೊರೆ, ಅದು ಮಿಡಿಯುತ್ತಿತ್ತು. ಮೈಯಿಲ್ಲ, ಎದೆಗೂಡಿಲ್ಲ, ಬರೀ ಹೃದಯದ ಸ್ನಾಯುವಿನ ಜೀವಕೋಶಗಳು ತಮ್ಮಷ್ಟಕ್ಕೆ ತಾವು ಕೂಡಿಕೊಂಡು ಮುದುಡುತ್ತಿದ್ದವು, ಬಿಚ್ಚುತ್ತಿದ್ದವು. ‘ಒಬ್ಬರ ರಕ್ತದಿಂದ ಬೆಳೆಸಿದವು’ ಎಂದಷ್ಟೇ ಅವಳು ಸಭೆಗೆ ಹೇಳಿದಳು. ಆ ಒಬ್ಬರು ಯಾರೆಂದು ಅವ್ವನಿಗೆ ಗೊತ್ತಿತ್ತು. ಅದು ರಶ್ಮಿತಾಳದೇ ಹೃದಯ, ಗೋಡೆಯ ಮೇಲೆ, ಆನೆಯ ಗಾತ್ರಕ್ಕೆ. ಹೊಟ್ಟೆಯೊಳಗೆ ಮೊದಮೊದಲು ಜೀವಕೋಶಗಳಿಗೆ ತಾವು ಏನಾಗಬೇಕೆಂದು ಗೊತ್ತಿರುವುದಿಲ್ಲವಂತೆ. ‘ನೀನು ಹೃದಯವಾಗು’ ಎಂದು ಹೇಳುವ ಪ್ರೋಟೀನುಗಳಿರುತ್ತವಂತೆ. ಒಂದೇ ಪ್ರೋಟೀನು ಹೇಳಿದರೆ ಜೀವಕೋಶ ಕೇಳುವುದಿಲ್ಲ. ಎರಡು ಬಂದು, ಒಂದನ್ನೊಂದು ಹಿಡಿದುಕೊಂಡು ನಿಂತು ಹೇಳಬೇಕು. ಆ ಹಿಡಿತ ಸಡಿಲಾದರೆ ಜೀವಕೋಶ ಅರ್ಧಂಬರ್ಧ ಹೃದಯವಾಗುತ್ತದೆ, ಅರ್ಧಂಬರ್ಧ ಇನ್ನೇನೋ ಆಗುತ್ತದೆ, ಗೋಡೆ ಕೂಡಬೇಕಾದ ಕಡೆ ತೂತು ಉಳಿಯುತ್ತದೆ. ಮುಂದಿನ ಸಾಲಿನ ಪ್ರೊಫೆಸರುಗಳು ಗದ್ದಕ್ಕೆ ಕೈಕೊಟ್ಟು ಕೂತಿದ್ದರು. ಮರುಳಸಿದ್ದಮ್ಮನಿಗೆ ಹೊಳೆ ನೆನಪಾಗಿತ್ತು. ಮದುವೆಯಾದ ಹೊಸತರಲ್ಲಿ ಹರಿಹರದ ಹೊಳೆಯಲ್ಲಿ ಗಂಡನ ಅಕ್ಕ ಪುಟ್ಟಕ್ಕನ ಜೊತೆ ಕೌದಿ ಒಗೆದದ್ದು. ನೀರು ಕುಡಿದ ಕೌದಿಯನ್ನು ಒಬ್ಬಳೇ ಹಿಂಡಲಾಗುವುದಿಲ್ಲ, ಆ ತುದಿ ಅವಳು, ಈ ತುದಿ ಇವಳು, ಅವಳು ಬಲಕ್ಕೆ ತಿರುಚಿದರೆ ಇವಳು ಎಡಕ್ಕೆ. ಒಬ್ಬಳು ಕೈ ಬಿಟ್ಟರೆ ಮತ್ತೊಬ್ಬಳು ನೀರಿಗೆ. ಇಷ್ಟೇ ತಾನೇ? ಕೊನೆಗೆ ಅಧ್ಯಕ್ಷರು ಎದ್ದು, ಹರಿಹರೇಶ್ವರನಲ್ಲಿ ಹರಿಯೂ ಹರನೂ ಕೂಡಿದಂತೆಯೇ ಈ ಪ್ರೋಟೀನುಗಳೆಂದು ಅಪ್ಪಣೆ ಕೊಡಿಸಿದಾಗ ಜನ ಚಪ್ಪಾಳೆ ತಟ್ಟಿದರು. ರಶ್ಮಿತಾ ಬಾಯಿ ಬಿಗಿಹಿಡಿದು ನಕ್ಕಳು. ಹರಿಹರದ ಹತ್ತಿರದವರು ಏನೇ ಕಂಡುಹಿಡಿದರೂ ಈ ಮಾತು ತಪ್ಪಿದ್ದಲ್ಲ.

ಆದರೆ ಆ ಹೊತ್ತಿಗಾಗಲೇ ಮರುಳಸಿದ್ದಮ್ಮನ ಹೊಟ್ಟೆಯೊಳಗೆ ಒಂದು ಮಾತು ಕೂತುಬಿಟ್ಟಿತ್ತು. ಸಭೆಗೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ಚಹಾ ಕುದಿಯುತ್ತಿದ್ದಾಗ ಮಗಳು ಬಂದು ಕಟ್ಟೆಗೆ ಒರಗಿ ನಿಂತಿದ್ದಳು.

“ಅವ್ವಾ, ದೀಪಾವಳೀಲಿ ನಿಮ್ಮಿಬ್ಬರ ರಕ್ತ ತಗೊಂಡು ಹೋಗಿದ್ನಲ್ಲ, ಗೊತ್ತಾತು. ಆ ಹಿಡಿತ ಸಡಿಲ ಮಾಡೋ ಬದಲಾವಣೆ ನಿನ್ನ ರಕ್ತದಾಗಿಲ್ಲ. ಅಪ್ಪಾಜಿ ರಕ್ತದಾಗೆ ಐತೆ. ಅವರಿಂದ ನನಗೆ ಬಂದೈತೆ.”

“ನಿಮ್ಮಪ್ಪಾಜಿಗೆ ಏನೂ ಆಗಿಲ್ಲಲ್ಲೇ. ಗುಂಡುಕಲ್ಲಿನಂಗವ್ರೆ.”

“ಕೆಲವರಿಗೆ ಏನೂ ತೊಂದ್ರೆ ಕೊಡದಂಗೆ ದಾಟಿಹೋಗ್ತತೆ. ಅದು ಯಾರ ತಪ್ಪೂ ಅಲ್ಲವ್ವ.”

ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ಅವಳು ಒರೆಸುವ ಬಟ್ಟೆ ಕೈಗೆತ್ತಿಕೊಂಡು, ಒರೆಸದೆ, ದಡ್ಡಿಯಂತೆ ಕೇಳಿದ್ದಳು: “ಹಂಗಾರೆ ಹೀರೇಕಾಯಿ?”

ರಶ್ಮಿತಾ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡಳು. “ಆ ಗ್ರಹಣದ ದಿನ ನಿನಗೆ ಎಷ್ಟು ತಿಂಗಳು?”

“ಆರರಾಗಿದ್ದೆ.”

“ಹೃದಯದ ಗೋಡೆ ಎರಡು ತಿಂಗಳಿಗೇ ಕಟ್ಟಿ ಮುಗಿದಿರ್ತತೆ ಅವ್ವ. ನೀನು ಹೀರೇಕಾಯಿ ಹೆಚ್ಚೋ ಹೊತ್ತಿಗೆ ನನ್ನೆದೆಯ ಆ ತೂತು ಆಗಿ ಹಳೇದಾಗಿತ್ತು.”

ಆಮೇಲೆ ಮಗಳು ಇನ್ನೊಂದು ಮಾತು ಹೇಳಿದಳು, ಅದೇ ದೊಡ್ಡದು. ಅಪ್ಪಾಜಿಗೆ ಇದ್ದದ್ದು ಅವರಕ್ಕ ಪುಟ್ಟಕ್ಕನಿಗೂ ಇರಬಹುದು, ಪುಟ್ಟಕ್ಕನ ಮಗ ಶಿವಕುಮಾರನಿಗೂ ದಾಟಿರಬಹುದು. ಶಿವಕುಮಾರನ ಹೆಂಡತಿ ಸುಮಾ ಈಗ ಐದು ತುಂಬಿ ಆರರಲ್ಲಿದ್ದಾಳೆ. ಹೊಟ್ಟೆಯೊಳಗಿನ ಕೂಸಿನ ಹೃದಯವನ್ನೇ ನೋಡುವ ಸ್ಕ್ಯಾನಿಂಗ್ ಒಂದಿದೆ, ಅದನ್ನು ಈ ವಾರದಲ್ಲೇ ಮಾಡಿಸಬೇಕು. ಏನಾದರೂ ಇದ್ದರೆ ಹೃದಯದ ಡಾಕ್ಟರಿರುವ ಆಸ್ಪತ್ರೆಯಲ್ಲೇ ಹೆರಿಗೆ ಆಗುವಂತೆ ನೋಡಿಕೊಂಡರೆ ಕೂಸು ಬದುಕುತ್ತದೆ. ಗೊತ್ತಿಲ್ಲದೆ ಹುಟ್ಟಿದರೆ ಹೇಳಲಾಗುವುದಿಲ್ಲ. ‘ಹೆಂಗೂ ಸಂಜೆ ಸುಮಾನ ಸೀಮಂತದ ಕುಬುಸದ ಮಾತಿಗೆ ಹರಿಹರಕ್ಕೆ ಹೋಗ್ತಿದೀವಲ್ಲ, ಅತ್ತೆಗೆ ನಾನೇ ಹೇಳ್ತೀನಿ’ ಎಂದಳು ರಶ್ಮಿತಾ. ‘ನೀನು ಬ್ಯಾಡ’ ಎಂದಳು ಮರುಳಸಿದ್ದಮ್ಮ. ಅಷ್ಟು ಜೋರಾಗಿ ಅಂದೆನೇ ಎಂದು ತಾನೇ ಬೆಚ್ಚಿದಳು. ‘ನಾನು ಹೇಳ್ತೀನಿ. ನಾನೇ ಹೇಳಬೇಕು.’

ಅವಳು ಯಾಕೆ ಹೇಳಬೇಕೋ ಅದನ್ನು ಮಗಳಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಅವತ್ತು ಸೂರ್ಯಗ್ರಹಣ, ಬೆಳಗಿನ ಹೊತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮಾವನವರು ಪಡಸಾಲೆಯಲ್ಲಿ ಕೂತು, ‘ಲಿಂಗವಂತರಿಗೆ ಎಂಥ ಗ್ರಹಣ, ಎಂಥ ಸೂತಕ, ಹೀರೇಕಾಯಿ ಪಲ್ಯ ರೊಟ್ಟಿ ಆಗಲಿ’ ಎಂದು ಊರಿಗೆ ಕೇಳುವಂತೆ ಹೇಳಿದ್ದರು. ಸಮಾಜದ ಸಭೆಗಳಲ್ಲಿ ಹಾಗೆ ಭಾಷಣ ಮಾಡುವವರು ಅವರು, ಅವರ ನಂತರ ಮಗ. ಹೊಸ ಸೊಸೆ ಈಳಿಗೆಮಣೆ ಮುಂದೆ ಕೂತು ಹೆಚ್ಚಿದಳು. ಕೈತಪ್ಪಿ ಹೆಬ್ಬೆರಳಿಗೆ ಒಂದಿಷ್ಟು ತಾಗಿತ್ತು, ಅರಿಶಿನ ಮೆತ್ತಿಕೊಂಡಳು. ಮಾವನವರು ಚಪ್ಪರಿಸಿ ಉಂಡರು. ಆದರೆ ಕೂಸು ಹುಟ್ಟಿ, ಅತ್ತಾಗಲೆಲ್ಲ ತುಟಿ ನೇರಳೆಹಣ್ಣು ತಿಂದಂತೆ ಆಗಿ, ಡಾಕ್ಟರು ಎದೆಯಲ್ಲಿ ತೂತಿದೆ ಎಂದಾಗ, ಬಾಣಂತಿಯನ್ನು ನೋಡಲು ಬಂದ ಪುಟ್ಟಕ್ಕ ನಡುಮನೆಯಲ್ಲಿ ನಿಂತು ಕೈ ತಿರುವಿದಳು: ‘ಬಸುರಿ ಹೆಂಗಸು ಗ್ರಹಣದಾಗೆ ಈಳಿಗೆ ಹಿಡಿದ್ರೆ ಇನ್ನೇನಾಗ್ತತೆ?’ ಮಾವನವರು ವಿಭೂತಿ ಗಟ್ಟಿ ಹುಡುಕುತ್ತಿದ್ದರು. ಕರಿಬಸವರಾಜ ಪೇಪರು ಓದುತ್ತಿದ್ದ. ಆಮೇಲೆ ಪ್ರತಿ ಹಬ್ಬಕ್ಕೆ, ಪ್ರತಿ ಮದುವೆಗೆ, ಪ್ರತಿ ಬಸುರಿಯ ಮುಂದೆ ಪುಟ್ಟಕ್ಕ ಆ ಹೀರೇಕಾಯಿಯ ಕಥೆ ತೆಗೆದಳು, ಪ್ರತಿ ಸಲವೂ ಅವನಿಗೆ ಓದಲು ಒಂದು ಪೇಪರು ಸಿಕ್ಕಿತು. ಮರುಳಸಿದ್ದಮ್ಮ ಯಾರ ಮೇಲೂ ಹರಿಹಾಯಲಿಲ್ಲ. ಹೀರೇಕಾಯಿ ತಿನ್ನುವುದನ್ನು ಬಿಟ್ಟಳು. ಅದರ ಸಿಪ್ಪೆಯ ಚಟ್ನಿ ಎಂದರೆ ಪ್ರಾಣ ಬಿಡುತ್ತಿದ್ದವಳು ಮೂವತ್ತು ವರ್ಷ ನಾಲಗೆಗೆ ಸೋಕಿಸಲಿಲ್ಲ. ಯಾರಾದರೂ ಕೇಳಿದರೆ ಪಿತ್ತ ಆಗುತ್ತದೆ ಎನ್ನುತ್ತಿದ್ದಳು.

ಇಷ್ಟು ದಿನ ಹೊತ್ತ ಹೊರೆ ಬೆಳಗ್ಗೆ ಚಹಾದ ಒಲೆಯ ಮುಂದೆ ಇಳಿಯಿತಲ್ಲ, ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಸಭೆಯಲ್ಲಿ ಕೂತಾಗಲೂ, ಈಗ ಕಾರಿನಲ್ಲೂ, ತೂಕ ತಪ್ಪಿ ಎಲ್ಲಿ ಬಿದ್ದೇನೋ ಎನಿಸುತ್ತಿತ್ತು. ಮಗಳ ಬುದ್ಧಿ ಅವರ ಮನೆತನದ್ದು, ಮೂಗು ಅವರಜ್ಜಿಯದು, ಬಣ್ಣ ಅವರಪ್ಪನದು ಎಂದು ಎಲ್ಲರೂ ಎಲ್ಲವನ್ನೂ ಹಂಚಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಆ ಒಂದು ತೂತು. ತಪ್ಪಾದರೂ ತನ್ನದಾಗಿತ್ತು. ಈಗ ಅದೂ ಅವರದೇ ಎಂದಾಯಿತು. ಹಾಗಾದರೆ ಈ ಹುಡುಗಿಯಲ್ಲಿ ನನ್ನದು ಅಂತ ಏನಿದೆ? ಯೋಚಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಥೂ, ತೂತಿನ ಮೇಲೂ ಹಕ್ಕು ಕೇಳುವ ತಾಯಿ ಎಲ್ಲಾದರೂ ಇದ್ದಾಳೆಯೇ? ರಶ್ಮಿತಾ ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಳು. ಕುತ್ತಿಗೆಯ ಕೆಳಗೆ ರವಿಕೆಯ ಅಂಚಿನಿಂದ ಆ ಹಳೇ ಗಾಯದ ಗೆರೆಯ ತುದಿ ಕಾಣುತ್ತಿತ್ತು, ಅವಳು ಅದನ್ನು ಮುಚ್ಚಿಕೊಳ್ಳುವುದನ್ನು ಯಾವತ್ತೋ ಬಿಟ್ಟಿದ್ದಳು. ಆಪರೇಷನ್ನಿನ ದಿನ ಮೈಮೇಲೆ ಏನೂ ಇರಕೂಡದೆಂದು ನರ್ಸು ಕೂಸಿನ ಕೊರಳಿನಿಂದ ಲಿಂಗದ ಶಿವದಾರ ಬಿಚ್ಚಿ ತಂದು ಕೈಯಲ್ಲಿ ಇಟ್ಟಾಗ ಅತ್ತೆ ಗೋಡೆಗೆ ತಲೆ ಚಚ್ಚಿಕೊಂಡಿದ್ದರು: ಲಿಂಗ ಮೈಬಿಟ್ಟರೆ ಜೀವ ಮೈಬಿಟ್ಟಂತೆ. ಮರುಳಸಿದ್ದಮ್ಮ ಬಚ್ಚಲಿಗೆ ಹೋಗಿ, ಮಗಳ ಲಿಂಗವನ್ನು ತನ್ನ ಲಿಂಗದ ಪಕ್ಕಕ್ಕೇ ರವಿಕೆಯೊಳಗೆ ಕಟ್ಟಿಕೊಂಡು ಬಂದಿದ್ದಳು. ಒಳಗೆ ಮಗಳ ಹೃದಯವನ್ನು ನಿಲ್ಲಿಸಿ ಹೊಲಿಯುತ್ತಿದ್ದರು, ಹೊರಗೆ ಅವಳು ಉಸಿರೆಳೆದಾಗಲೆಲ್ಲ ಎರಡು ಲಿಂಗಗಳ ಬೆಳ್ಳಿಯ ಕರಡಿಗೆಗಳು ಒಂದಕ್ಕೊಂದು ತಾಗುತ್ತಿದ್ದವು. ಮಗಳ ಎದೆ ನಿಂತಿದ್ದಷ್ಟು ಹೊತ್ತು ಅವಳ ಪಾಲಿನದನ್ನೂ ಈ ಎದೆಯೇ ಬಡಿಯಿತು. ಅದಕ್ಕೆ ಯಾರ ರಕ್ತದ ಪರೀಕ್ಷೆ ಬೇಕು? ಮೈಕಿನಲ್ಲಿ ಕೂಗದಿದ್ದರೆ ಸುಳ್ಳಾಗಿಬಿಡುತ್ತದೆಯೇ?

“ನೋಡವ್ವಾ ರಶ್ಮಿ,” ಎಂದ ಕರಿಬಸವರಾಜ, ಕನ್ನಡಿಯಲ್ಲಿ ಮಗಳನ್ನು ಹುಡುಕುತ್ತ. “ನಮ್ಮಪ್ಪ ಇರಬೇಕಿತ್ತು ಇವತ್ತು. ದಾವಣಗೆರೆ ಪ್ಯಾಟೆಯಾಗೆ ನಮ್ಮ ಮನೆತನದ ಹೆಸರು ಇಲ್ಲೀವರೆಗೂ ಜೋಳದ ಚೀಲದ ಮ್ಯಾಲೆ ಇತ್ತು. ಇವತ್ತು ಎಲ್ಲಿಗೆ ಏರಿಸಿದೆ!”

“ಶಾಲು ತೆಗೀರಿ, ಬೆವರು ಸುರೀತೈತೆ,” ಎಂದಳು ಮರುಳಸಿದ್ದಮ್ಮ.

“ಇರ್ಲಿ ಬಿಡು. ಅಕ್ಕ ನೋಡಲಿ.”

ಹರಿಹರದಲ್ಲಿ ದೇವಸ್ಥಾನದ ಹಿಂದಿನ ಓಣಿಯಲ್ಲಿ ಪುಟ್ಟಕ್ಕನ ಮನೆ. ಗಂಡ ತೀರಿಕೊಂಡ ಮೇಲೂ ಕೊಂಡಜ್ಜಿ ಊರಿನ ಹೊಲ, ಮಗನ ಗೊಬ್ಬರದಂಗಡಿ, ಸೊಸೆ, ಎಮ್ಮೆ ಎಲ್ಲವನ್ನೂ ಕೂತಲ್ಲಿಂದಲೇ ಆಳುವ ಹೆಂಗಸು. ಮೊದಲ ಕೂಸು ದಕ್ಕಿರಲಿಲ್ಲ, ಆಮೇಲೆ ಎಷ್ಟೋ ವರ್ಷಕ್ಕೆ ಹುಟ್ಟಿದವನು ಶಿವಕುಮಾರ, ಹಾಗಾಗಿ ಅವನ ಮೇಲೆ ರೆಪ್ಪೆಯಂಥ ಕಾವಲು. ಅವತ್ತು ಸಂಜೆ ಗ್ರಹಣ ಹಿಡಿದುಕೊಂಡೇ ಚಂದ್ರ ಹುಟ್ಟುವವನಿದ್ದ. ಬಾಗಿಲಲ್ಲೇ ನಿಂತಿದ್ದ ಪುಟ್ಟಕ್ಕ ತಮ್ಮನ ಶಾಲನ್ನು ಎರಡೂ ಕೈಯಿಂದ ಸವರಿ, ರಶ್ಮಿತಾಳ ನೆಟಿಗೆ ಮುರಿದು, “ಬರ್ರಿ ಬರ್ರಿ, ಹಿಡಿಯೋ ಮುಂಚೆ ಒಳಗೆ ಬರ್ರಿ” ಎಂದು ಎಲ್ಲರನ್ನೂ ಕೋಳಿ ಅಟ್ಟಿದ ಹಾಗೆ ಒಳಗೆ ಅಟ್ಟಿದಳು. ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿತ್ತು. ಕತ್ತಲಲ್ಲಿ ಸುಮಾ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದಳು. ಮೈ ಕೆರೆದುಕೊಳ್ಳಕೂಡದು, ಕಾಲು ಮಡಿಚಕೂಡದು, ಸೂಜಿ ಕತ್ತರಿ ಮುಟ್ಟಕೂಡದು. ಮರುಳಸಿದ್ದಮ್ಮ ಬಾಗಿಲಲ್ಲಿ ತಲೆ ಹಾಕಿದಾಗ ಹುಡುಗಿ ಪಿಸುಗುಟ್ಟಿದಳು: “ದಾವಣಗೆರೆ ಅತ್ತೆ, ಬೆನ್ನು ನವೆ ಆಗ್ತತೆ. ಕೆರಕೊಂಡ್ರೆ ಕೂಸಿಗೆ ಕಲೆ ಬೀಳ್ತತಾ?” ಆ ದನಿಯಲ್ಲಿದ್ದ ಹೆದರಿಕೆಯ ಗುರುತು ಮರುಳಸಿದ್ದಮ್ಮನಿಗೆ ಚೆನ್ನಾಗಿ ಸಿಕ್ಕಿತು. ಮೂವತ್ತು ವರ್ಷ ತನ್ನೊಳಗೇ ಬಾಡಿಗೆ ಕೊಡದೆ ಇದ್ದದ್ದು ಅದು. ಒಳಗೆ ಹೋಗಿ ಸುಮ್ಮನೆ ಆ ಹುಡುಗಿಯ ಬೆನ್ನು ಕೆರೆದಳು.

ಪಡಸಾಲೆಯಲ್ಲಿ ಮಂಡಕ್ಕಿ, ಮಿರ್ಚಿ ಬಂದವು. ಸುಮಾ ಕೋಣೆಯ ಬಾಗಿಲ ಹತ್ತಿರಕ್ಕೆ ಸರಿದು ಕೂತು ಕೇಳಿಸಿಕೊಳ್ಳುತ್ತಿದ್ದಳು. ಶಿವಕುಮಾರ ಫೋನಿನಲ್ಲಿ ಸನ್ಮಾನದ ಫೋಟೋ ನೋಡಿ, “ಮಾವ, ಮಠದ ಸ್ವಾಮಿಗಳಂಗೆ ಕಾಣ್ತಿದೀರಿ” ಎಂದು ನಗಿಸಿದ. ಕರಿಬಸವರಾಜ ಮತ್ತೊಮ್ಮೆ ಮೊದಲಿಂದ ಶುರುಮಾಡಿದ, ಸಭೆ ಎಷ್ಟು ತುಂಬಿತ್ತು, ಯಾವ ಪ್ರೊಫೆಸರು ಬಂದು ಕೈಕುಲುಕಿದ, ಮಗಳು ಇಂಗ್ಲಿಷು ಬಿಟ್ಟು ಕನ್ನಡದಲ್ಲೇ ಹೇಗೆ ನೀರು ಕುಡಿದಂತೆ ಹೇಳಿದಳು. ಮರುಳಸಿದ್ದಮ್ಮ ಹೇಳಬೇಕಾದ ಮಾತನ್ನು ಬಾಯೊಳಗೆ ಹೊರಳಿಸುತ್ತಿದ್ದಳು. ‘ಅಕ್ಕಾ, ಒಂದು ಸ್ಕ್ಯಾನಿಂಗ್ ಮಾಡಿಸೋಣ’ ಎಂದಷ್ಟೇ ಅಂದರೆ ಸಾಕಿತ್ತಲ್ಲವೇ? ಯಾಕೆ ಎಂದು ಕೇಳುತ್ತಾಳೆ. ಕೇಳಿದರೆ? ಹೇಳುವ ಆಸೆ ಗಂಟಲಲ್ಲಿ ಸಿಹಿಯಾಗಿ ನಿಂತಿತ್ತು. ಅದು ಸುಮಾಳಿಗಾಗಿಯೋ, ಹೀರೇಕಾಯಿಗಾಗಿಯೋ, ಅವಳಿಗೇ ಗೊತ್ತಾಗುತ್ತಿರಲಿಲ್ಲ. ರಶ್ಮಿತಾ ಎದುರಿನಿಂದ ಅವಳನ್ನೇ ನೋಡುತ್ತಿದ್ದಳು: ಹೇಳ್ತೀಯೋ, ನಾನು ಹೇಳ್ಲೋ?

“ಸುಮಾನ ಸ್ಕ್ಯಾನಿಂಗ್ ಆತಾ ಅತ್ತೆ?” ಎಂದು ರಶ್ಮಿತಾ ದಾರಿ ಮಾಡಿಕೊಟ್ಟಳು.

“ಎಂಥ ಸ್ಕ್ಯಾನಿಂಗ್? ಮೊದಲು ಮಾಡ್ಸಿದ್ದೇ ಸಾಕು. ಮತ್ತೆ ಮತ್ತೆ ಮಿಷಿನ್ ಇಟ್ರೆ ಕೂಸು ಬೆಚ್ಚಿ ಬೀಳ್ತತೆ,” ಎಂದಳು ಪುಟ್ಟಕ್ಕ. “ನಾವು ನೇಮದಾಗಿದ್ರೆ ದೇವರು ನೆಟ್ಟಗಿಡ್ತಾನೆ. ಏ ಸುಮಾ, ಕೇಳಸ್ಕೊ. ಇಲ್ಲೇ ಕುಂತೈತಲ್ಲ ನಿಮ್ಮ ದಾವಣಗೆರೆ ಅತ್ತೆ, ಹಿಂಗೇ ಗ್ರಹಣದ ದಿನ ಈಳಿಗೆ ಮುಂದೆ ಕುಂತು ಹೀರೇಕಾಯಿ ಹೆಚ್ಚಿದ್ಲು. ಈ ಚಿನ್ನದಂಥ ಕೂಸಿಗೆ ಎದೆ ಸೀಳಬೇಕಾತು. ನಮ್ಮ ಮನೆತನದ ಪುಣ್ಯ ದೊಡ್ಡದು, ಉಳೀತು.”

ಕರಿಬಸವರಾಜ ಅತ್ತಿತ್ತ ನೋಡಿದ. ಪೇಪರು ಇರಲಿಲ್ಲ. “ಅದೆಲ್ಲ ಹಳೇ ಮಾತು ಬಿಡಕ್ಕ,” ಎಂದು ಶಾಲು ಸರಿಮಾಡಿಕೊಂಡ. “ಈಗ ನೋಡು, ತಲೆ ಹೆಂಗೈತೆ ಹುಡುಗೀದು! ಅದು ನಮ್ಮ ಕಡೆ ರಕ್ತ. ನಮ್ಮಪ್ಪಂದೇ ಬುದ್ಧಿ.”

“ಹೂಂರಿ,” ಎಂದಳು ಮರುಳಸಿದ್ದಮ್ಮ. ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವಾಗಿನ ದನಿ. “ಬುದ್ಧಿ ನಿಮ್ಮ ಕಡೇದೇ. ಆ ಎದೆ ತೂತೂ ನಿಮ್ಮ ಕಡೇದೇ. ರಕ್ತ ಪರೀಕ್ಷೆಯಾಗೆ ಬಂದೈತೆ. ನನ್ನ ರಕ್ತದಾಗಿಲ್ಲ, ನಿಮ್ಮದ್ರಾಗೈತೆ. ನಿಮ್ಮಿಂದ ಮಗಳಿಗೆ ಬಂತು. ನಾನು ಹೀರೇಕಾಯಿ ಹೆಚ್ಚಿದ್ದು ಆರನೇ ತಿಂಗಳಾಗೆ, ಎದೆ ಗೋಡೆ ಕಟ್ಟಿ ಮುಗಿಯೋದು ಎರಡನೇ ತಿಂಗಳಿಗೆ. ಬೇಕಾರೆ ಮಗಳನ್ನೇ ಕೇಳ್ರಿ, ಅದಕ್ಕೇ ತಾನೇ ನಿಮಗೆ ಶಾಲು ಹಾಕಿದ್ದು?”

ಎಂಥ ಸುಖ ಅದು! ಮೂವತ್ತು ವರ್ಷದ ಪಿತ್ತ ಒಂದೇ ಸಲಕ್ಕೆ ಇಳಿದಂತಾಯಿತು. ಕರಿಬಸವರಾಜ ಬಾಯಿಗೆ ಹಾಕಿಕೊಂಡ ಮಂಡಕ್ಕಿಯನ್ನು ಅಗಿಯುವುದನ್ನು ನಿಲ್ಲಿಸಿ ಮಗಳ ಕಡೆ ನೋಡಿದ. ರಶ್ಮಿತಾ ತಲೆಯಾಡಿಸಿದಳು. “ಹೌದು ಅಪ್ಪಾಜಿ. ಅತ್ತೆಗೂ ಇರಬಹುದು, ಶಿವಣ್ಣಗೂ ಇರಬಹುದು. ಇಲ್ಲದೇನೂ ಇರಬಹುದು. ಅದಕ್ಕೇ ಸುಮಾನ ಕೂಸಿನ ಹೃದಯದ ಸ್ಕ್ಯಾನಿಂಗ್ ಆಗ್ಲೇಬೇಕು. ಈಗ ಗೊತ್ತಾದ್ರೆ ದಾರಿ ಐತೆ. ನನ್ನನ್ನೇ ನೋಡ್ರಿ, ಕುಂತಿಲ್ವಾ ನಿಮ್ಮ ಮುಂದೆ?” ಶಿವಕುಮಾರ ಎದ್ದು ನಿಂತ, ಏಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತ. ಕೋಣೆಯ ಬಾಗಿಲಲ್ಲಿ ಸುಮಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಮರುಳಸಿದ್ದಮ್ಮ ಪುಟ್ಟಕ್ಕನ ಕಡೆ ತಿರುಗಿದಳು. ಈ ಹೊತ್ತಿಗಾಗಿ ಅವಳು ಎಷ್ಟು ಸಲ ಮಾತು ಜೋಡಿಸಿಟ್ಟುಕೊಂಡಿದ್ದಳು, ಪುಟ್ಟಕ್ಕ ಜಗಳಕ್ಕೆ ಬಂದರೆ ಇದು, ಅತ್ತರೆ ಇದು. ಪುಟ್ಟಕ್ಕ ಜಗಳಕ್ಕೂ ಬರಲಿಲ್ಲ, ಅಳಲೂ ಇಲ್ಲ. ಪಡಸಾಲೆಯ ತೊಲೆಗೆ ತೊಟ್ಟಿಲು ತೂಗುಹಾಕುವ ಎರಡು ಕಬ್ಬಿಣದ ಕೊಂಡಿಗಳಿದ್ದವು. ಅವನ್ನೇ ನೋಡುತ್ತಿದ್ದಳು.

“ಹಂಗಾರೆ ನನ್ನ ಮೊದಲನೇ ಕೂಸು?” ಎಂದಳು.

ಅದನ್ನು ಮರುಳಸಿದ್ದಮ್ಮ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ಮನೆಯಲ್ಲಿ ಆ ಕೂಸಿಗೆ ಒಂದು ಹೆಸರೂ ಇರಲಿಲ್ಲ, ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋಗಿದ್ದು.

“ಹಾಲು ಕುಡೀತಾ ಕುಡೀತಾನೇ ನೀಲಿ ಆಗ್ತಿತ್ತು,” ಎಂದಳು ಪುಟ್ಟಕ್ಕ, ಕೊಂಡಿಗಳಿಗೇ ಹೇಳುವಂತೆ. “ಬೆವರ್ತಿತ್ತು. ಒಂದಿನ ಎದೆ ಕಚ್ಚಿಕೊಂಡಂಗೇ ಸುಮ್ಮನಾತು. ನಮ್ಮತ್ತೆ ಅಂದ್ರು, ಹಾಲು ಕುಡಿಸ್ತಾ ನಿದ್ದಿ ಹೋದೆ, ನಿನ್ನ ಎದೀನೇ ಒತ್ತಿ ಕೂಸಿನ ಉಸಿರು ಕಟ್ಟಿಸ್ತು, ತಿಂದ್ಕೊಂಡೆ ಅಂತ. ನಾನು ನಿದ್ದಿ ಹೋಗಿರಲಿಲ್ಲ. ಹೋಗಿದ್ನೇನೋ. ಯಾರಿಗ್ಗೊತ್ತು? ಹೋಗಿದ್ದೆ ಅಂತಾನೇ ಅನ್ಕೊಂಡು ಬದುಕಿದೆ.”

ರಶ್ಮಿತಾ ನೆಲದ ಮೇಲೆ ಅತ್ತೆಯ ಹತ್ತಿರ ಬಂದು ಕೂತಳು. “ಇಷ್ಟು ವರ್ಷದ ಮ್ಯಾಲೆ ಇದೇ ಅಂತ ಖಂಡಿತ ಹೇಳಾಕಾಗಲ್ಲ ಅತ್ತೆ. ಆದ್ರೆ ಹಾಲು ಕುಡೀವಾಗ ಬೆವರೋದು, ನೀಲಿ ಆಗೋದು ಹೃದಯದ ತೊಂದರೆ ಇರೋ ಕೂಸುಗಳೇ. ನೀವು ಕೊಂದಿದ್ದಲ್ಲ.” ಪುಟ್ಟಕ್ಕ ಅವಳ ಮುಖ ನೋಡಿದಳು, ಆಮೇಲೆ ಕೈಚಾಚಿ, ಯಾವತ್ತೂ ಮುಟ್ಟಿರದ ಆ ಗಾಯದ ಗೆರೆಯ ತುದಿಯನ್ನು ಬೆರಳಿಂದ ಮುಟ್ಟಿದಳು. ಎಷ್ಟೋ ಹೊತ್ತು ಮುಟ್ಟಿಕೊಂಡೇ ಇದ್ದಳು. ಮರುಳಸಿದ್ದಮ್ಮ ತನ್ನೊಳಗೆ ಗೆದ್ದ ಸುಖವನ್ನು ಹುಡುಕಿದಳು. ಅದು ಹುಳಿಯಾಗಿತ್ತು, ಆದರೆ ಪೂರಾ ಹೋಗಿರಲಿಲ್ಲ. ಹೋಗಬೇಕಾಗಿಯೂ ಇಲ್ಲ ಎಂದುಕೊಂಡಳು. ಇವಳೂ ಹೊತ್ತಿದ್ದಳು, ತನಗೆ ತಾಳಲಾಗದೆ ನನ್ನ ತಲೆಯ ಮೇಲೂ ಒಂದು ಹೊರೆ ಹೊರಿಸಿದಳು. ಇದನ್ನು ಮರೆಯುವುದಿಲ್ಲ, ಅದನ್ನೂ ಮರೆಯುವುದಿಲ್ಲ. ಆದರೆ ಬಾಗಿಲಲ್ಲಿ ನಿಂತ ಆ ಹುಡುಗಿಯ ತಲೆಗೆ ಮಾತ್ರ ಈ ಹೊರೆ ಹೋಗಕೂಡದು. ನಾನು ಇರುವಾಗ ಹೋಗಕೂಡದು.

ಅವಳು ಎದ್ದು ಅಡುಗೆಮನೆಗೆ ಹೋದಳು. ಕೊಂಡಜ್ಜಿಯ ಹೊಲದಿಂದ ಬಂದ ಎಳೇ ಹೀರೇಕಾಯಿ ಬುಟ್ಟಿಯಲ್ಲಿದ್ದವು, ನಾಳೆಗೆಂದು ಮುಚ್ಚಿಟ್ಟವು. ಬುಟ್ಟಿಯನ್ನು ಸೊಂಟಕ್ಕಿಟ್ಟು, ಇನ್ನೊಂದು ಕೈಯಲ್ಲಿ ಈಳಿಗೆಮಣೆ ಹಿಡಿದು ಪಡಸಾಲೆಗೇ ತಂದಳು, ಎಲ್ಲರ ನಡುವೆ ಇಟ್ಟಳು. “ಸುಮಾ, ಹೊರಗೆ ಬಾರವ್ವ. ಇಲ್ಲಿ ಗಾಳಿ ಐತೆ.” ಸುಮಾ ಅತ್ತೆಯ ಕಡೆ ನೋಡಿದಳು, ಪುಟ್ಟಕ್ಕ ಕಾಲು ಸರಿಸಿ ದಾರಿ ಬಿಟ್ಟಳು. ಹುಡುಗಿ ಬಂದು ಬಾಗಿಲೆದುರು ಕಾಲು ಚಾಚಿ ಕೂತಳು. ಎದುರಿನ ಮಾಳಿಗೆಯ ಅಂಚಿನಿಂದ ಚಂದ್ರ ಏಳುತ್ತಿದ್ದ, ಒಂದು ಮಗ್ಗುಲು ಕಚ್ಚಿ ಬಿಟ್ಟ ರೊಟ್ಟಿಯಂತಿದ್ದ. ಓಣಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡ ಸದ್ದಾಯಿತು.

“ಏ, ಮರುಳಸಿದ್ದೀ,” ಎಂದ ಕರಿಬಸವರಾಜ, “ಹಿಡಿದೈತೆ ಕಣೇ...”

“ಹಿಡೀಲಿ. ಸಭೆಯಾಗೆ ನೀವೇ ಹೇಳ್ತೀರಲ್ಲ, ಲಿಂಗವಂತರಿಗೆ ಸೂತಕ ಇಲ್ಲ ಅಂತ.”

ಅವನು ಶಾಲು ತೆಗೆದ. ಎಲ್ಲಿ ಇಡಬೇಕೆಂದು ತಿಳಿಯದೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಹೆಂಡತಿಯನ್ನು ನೋಡದೆ, “ಶಿವಕುಮಾರ, ನಾಳೆ ಬೆಳಗ್ಗೇನೇ ಸುಮಾನ್ನ ಕರಕೊಂಡು ದಾವಣಗೆರೆಗೆ ಬಾ. ಸ್ಕ್ಯಾನಿಂಗಿಗೆ ನಾನೂ ಬರ್ತೀನಿ,” ಎಂದ. “ನಮ್ಮ ಕಡೇದಲ್ವಾ, ನಾನೇ ಮುಂದೆ ನಿಲ್ಲಬೇಕು.” ಮೂವತ್ತು ವರ್ಷಕ್ಕೆ ಅದೊಂದು ಮಾತು. ಕಡಿಮೆಯೇ. ಆದರೂ ಪೇಪರಿನ ಹಿಂದಿನಿಂದ ಬಂದದ್ದಲ್ಲ ಎಂದು ಮರುಳಸಿದ್ದಮ್ಮ ಲೆಕ್ಕಕ್ಕೆ ಹಿಡಿದುಕೊಂಡಳು.

ಮಣೆಯ ಮೇಲೆ ಕಾಲಿಟ್ಟು ಕೂತು ಹೀರೇಕಾಯಿಯ ಏಣು ಹೆರೆದಳು. ಸಿಪ್ಪೆಯನ್ನು ಬೇರೆ ತಟ್ಟೆಗೆ ಹಾಕಿದಳು, ಚಟ್ನಿಗೆ. ಹಸಿರು ವಾಸನೆ ಮೂಗಿಗೆ ಬಡಿದಾಗ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಬಂತು, ಅವಳು ಎರಡನ್ನೂ ತಡೆಯಲಿಲ್ಲ. ಹೆಬ್ಬೆರಳಿನ ಹಳೇ ಕಲೆ ಅಲಗಿನ ಪಕ್ಕಕ್ಕೇ ಹೋಗಿ ಬರುತ್ತಿತ್ತು. ಸುಮಾ ಮುಂದಕ್ಕೆ ಬಾಗಿ ಅವಳ ಕೈಯನ್ನೇ ನೋಡುತ್ತ, ಮರೆತು, ಬೆನ್ನು ಕೆರೆದುಕೊಂಡಳು. ರಶ್ಮಿತಾ ನಕ್ಕಳು. ಗೋಡೆಗೊರಗಿದ್ದ ಪುಟ್ಟಕ್ಕ ನೆಲ ಹಿಡಿದುಕೊಂಡೇ ಹತ್ತಿರ ಸರಿದು, ಹೋಳು ಬೀಳುತ್ತಿದ್ದ ತಟ್ಟೆಯ ಅಂಚನ್ನು ಜಾರದಂತೆ ಆ ಕಡೆಯಿಂದ ಹಿಡಿದುಕೊಂಡಳು.

“ಸಣ್ಣಗೆ ಹೆಚ್ಚೇ ಮರುಳಸಿದ್ದೀ,” ಎಂದಳು. “ಇಷ್ಟು ದಪ್ಪ ಹೋಳು ಮಾಡಿದ್ರೆ ಪಲ್ಯ ಬೇಯಲ್ಲ.”

“ಬೇಯ್ತತೆ ಅಕ್ಕ,” ಎಂದಳು ಮರುಳಸಿದ್ದಮ್ಮ. ತನಗೆ ಬೇಕಾದಷ್ಟು ದಪ್ಪಕ್ಕೇ ಹೆಚ್ಚಿದಳು.